ಕಂಡೆನ್ಸ್ಡ್ ಫಾಂಟಿಗೆ ‘ಸಪೂರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಫಾಂಟುಗಳ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಇಂಪ್ಯಾಕ್ಟ್ ಅನ್ನುವ ಫಾಂಟಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಕಂಡೆನ್ಸ್ಡ್, ಅಂದರೆ ಅಕ್ಷರದ ಅಗಲ ಕಡಿಮೆ ಇರುವ ಫಾಂಟಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ತೊಡಕು. ಇಂಪ್ಯಾಕ್ಟ್ ಇಂಗ್ಲೆಂಡಿನ ಜೆಫ್ರಿ ಲೀ ರೂಪಿಸಿದ್ದು. 1965ರಲ್ಲಿ ಶೆಫೀಲ್ಡಿನ ಸ್ಟೀಫನ್ಸನ್ ಬ್ಲೇಕ್ ಕಂಪನಿಯಿಂದ ಅಚ್ಚುಮೊಳೆಯಾಗಿ ಹೊರಬಂತು. ಮೀಮ್‌ಗಳ ಮೇಲೆ ಕಪ್ಪು ಅಂಚಿನ ದಪ್ಪ ಬಿಳಿ ಅಕ್ಷರ ಇರುತ್ತಲ್ಲ, ಅದೇ. ಅಗಲ ಕಡಿಮೆ, ಗೆರೆ ಮಾತ್ರ ಭಾರಿ ದಪ್ಪ. ಇಂಗ್ಲಿಷಿನ ಸಣ್ಣ ‘e’ ಒಳಗಿನ ಬಿಳಿ ಬರೀ ಒಂದು ಸೀಳಿನಷ್ಟು ಉಳಿದಿದೆ.

ಇದನ್ನು ಬೋಲ್ಡ್, ಕಂಡೆನ್ಸ್ಡ್, ಸ್ಯಾನ್ಸ್ ಸೆರಿಫ್, ಡಿಸ್ಪ್ಲೇ ಫಾಂಟ್ ಅನ್ನುತ್ತಾರೆ. ಬೋಲ್ಡ್‌ಗೆ ‘ದಪ್ಪ’ ಇದೆ. ಡಿಸ್ಪ್ಲೇಗೆ ‘ಪ್ರದರ್ಶನ’ ಬೇಡ, ಅದು ವಸ್ತುಪ್ರದರ್ಶನದ ನೆನಪು ತರುತ್ತದೆ. ‘ತಲೆಬರಹದ ಫಾಂಟ್’ ಸಾಕು.

ಸ್ಯಾನ್ಸ್ ಸೆರಿಫ್‌ಗೆ ‘ತಲೆಕಟ್ಟಿಲ್ಲದ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಸೆರಿಫ್ ಅಂದರೆ ಗೆರೆಯ ತುದಿಯಲ್ಲಿರುವ ಪುಟ್ಟ ಅಡ್ಡಗೆರೆ, ತೆಗೆದರೂ ಅಕ್ಷರ ಅದೇ. ನಮ್ಮ ತಲೆಕಟ್ಟು ಹಾಗಲ್ಲ. ‘ಕ’ದ ತಲೆಕಟ್ಟು ತೆಗೆದರೆ ಅದು ‘ಕ’ ಆಗಿ ಉಳಿಯುವುದೇ ಇಲ್ಲ. ಸದ್ಯಕ್ಕೆ ‘ಬೋಳು’ ಅಂತ ಬರೆದುಕೊಂಡಿದ್ದೇನೆ.

ನಿಜವಾದ ತೊಡಕು ಕಂಡೆನ್ಸ್ಡ್‌ನದು. ಮೊದಲು ‘ಒತ್ತಿದ ಅಕ್ಷರ’ ಅಂತ ಬರೆದೆ. ಓದಿದವರು ಒತ್ತಕ್ಷರ ಅಂದುಕೊಂಡರು! ‘ಇಕ್ಕಟ್ಟು’ ಅಂದರೆ ಅಕ್ಷರ ಅಕ್ಷರದ ನಡುವೆ ಜಾಗ ಕಡಿಮೆ ಅನ್ನಿಸುತ್ತದೆ, ಆದರೆ ಇಲ್ಲಿ ಅಕ್ಷರದ್ದೇ ಅಗಲ ಕಡಿಮೆ. ‘ತೆಳು’ ಅಂದರೆ ಗೆರೆ ತೆಳು ಅಂತಾಗುತ್ತದೆ, ಪೂರ್ತಿ ಉಲ್ಟಾ. ‘ಕುಗ್ಗಿಸಿದ’ ಚೆನ್ನಾಗಿದೆ, ಎಕ್ಸ್‌ಪ್ಯಾಂಡೆಡ್‌ಗೆ ‘ಹಿಗ್ಗಿಸಿದ’ ಅಂತ ಜೋಡಿಯೂ ಸಿಗುತ್ತದೆ. ಆದರೆ ಮಾಮೂಲಿ ಫಾಂಟನ್ನು ಕಂಪ್ಯೂಟರಿನಲ್ಲಿ ಎರಡೂ ಕಡೆಯಿಂದ ಹಿಂಡಿದರೆ ನಿಂತ ಗೆರೆಗಳು ಸಣ್ಣಗಾಗುತ್ತವೆ, ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ಅಕ್ಷರ ಸೊಟ್ಟ ಕಾಣುತ್ತದೆ. ಒಳ್ಳೆಯ ಕಂಡೆನ್ಸ್ಡ್ ಫಾಂಟಿನಲ್ಲಿ ಹಾಗೆ ಹಿಂಡಿರುವುದಿಲ್ಲ, ಆ ಅಗಲಕ್ಕೆ ತಕ್ಕಂತೆ ಗೆರೆಗಳನ್ನು ತಿದ್ದಿ ಬರೆದಿರುತ್ತಾರೆ.

ಈ ಪದ ಇಂಗ್ಲಿಷ್ ಫಾಂಟಿಗಷ್ಟೇ ಬೇಕಾದದ್ದಲ್ಲ. ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರ ‘ಅನೇಕ್ ಕನ್ನಡ’ ಫಾಂಟಿನಲ್ಲೂ ಕಂಡೆನ್ಸ್ಡ್ ರೂಪ ಇದೆ. ಕನ್ನಡದಲ್ಲಿ ಈ ಕೆಲಸ ಇನ್ನೂ ಕಷ್ಟ. ಇಂಗ್ಲಿಷಿನ ‘ಐ’ ಥರ ಒಂದೇ ನೆಟ್ಟ ಗೆರೆಯ ಅಕ್ಷರ ನಮ್ಮಲ್ಲಿಲ್ಲ. ‘ಯ’, ‘ಮ’ ತಗೊಳ್ಳಿ, ಪಕ್ಕಪಕ್ಕದ ಸುರುಳಿಗಳ ಒಳಗೆಲ್ಲ ಬಿಳಿ ಉಳಿಸಬೇಕು. ‘ರಾಷ್ಟ್ರ’ ಬರೆದರೆ ಕೆಳಗೆ ಎರಡು ಒತ್ತಿಗೂ ಜಾಗ ಬೇಕು.

‘ಕುಗ್ಗಿಸಿದ’ ಅಂದರೆ ಹಿಂಡಿದ್ದು ಅನ್ನಿಸುತ್ತದೆ, ಅದಕ್ಕೇ ನನ್ನ ಮನಸ್ಸು ‘ಸಪೂರ’ದ ಕಡೆ ಇದೆ. ಸಪೂರ ಆಳು ಅಂದರೆ ತೆಳ್ಳಗಿನ ಆಳು, ಯಾರೋ ಹಿಂಡಿದ್ದಲ್ಲ, ಮೈಕಟ್ಟೇ ಹಾಗೆ, ಅಲ್ವಾ? ಆದರೆ ಪೂರ್ತಿ ಹೆಸರು ‘ದಪ್ಪ ಸಪೂರ ಬೋಳು ಅಕ್ಷರ’ ಅಂತಾಗುತ್ತದೆ. ಗೆರೆ ದಪ್ಪ, ಮೈ ಸಪೂರ ಅನ್ನುವುದು ನನ್ನ ಲೆಕ್ಕ. ಮಂಗಳೂರು, ಉಡುಪಿ ಕಡೆಯವರು ಈ ಪದವನ್ನು ದಿನಾ ಬಳಸುತ್ತೀರಿ. ನಿಮ್ಮ ಕಿವಿಗೆ ‘ದಪ್ಪ ಸಪೂರ’ ಒಟ್ಟಿಗೆ ಕೂರುತ್ತದೆಯೇ? ‘ಸಪೂರ ಗೆರೆ’ ಅಂತಲೂ ಹೇಳುತ್ತೀರಾ? ಹಾಗಿದ್ದರೆ ನನ್ನ ಲೆಕ್ಕ ಬಿದ್ದುಹೋಗುತ್ತದೆ, ದಯವಿಟ್ಟು ತಿಳಿಸಿ.