ಮಾರುತಿ 800, 1996 ಮಾಡೆಲ್: ಮೈಲೇಜ್ 17ರಿಂದ 12.5ಕ್ಕೆ ಬಿದ್ದಿದೆ, ಕಾರ್ಬುರೇಟರ್ ಬದಲಾಯಿಸೋದೇ ದಾರಿನಾ?

ಹಳೇ800, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಾಡಿ 1996ರ ಮಾರುತಿ 800. ನಾಲ್ಕು ಗೇರ್, ಕೈಯಲ್ಲಿ ಎಳೆಯೋ ಚೋಕ್ (ತಣ್ಣನೆ ಎಂಜಿನ್‌ಗೆ ಪೆಟ್ರೋಲ್ ಪಾಲು ಹೆಚ್ಚಿಸೋದು), ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು). ಓಡಾಟ ಹೆಚ್ಚಾಗಿ ಎನ್‌ಎಚ್ 48ರಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ, 60-70ರ ಸ್ಪೀಡು. ಲೀಟರಿಗೆ 17 ಕೊಡ್ತಿದ್ದದ್ದು ಈಗ 12.5 ಕೊಡ್ತಿದೆ.

ಕಾಣಿಸ್ತಿರೋ ಲಕ್ಷಣಗಳು: ಬೆಳಿಗ್ಗೆ ಚೋಕ್ ಎಳೆಯದಿದ್ದರೂ ತಕ್ಷಣ ಸ್ಟಾರ್ಟ್ ಆಗುತ್ತೆ. ಬಿಸಿ ಇದ್ದಾಗ ಹತ್ತು ನಿಮಿಷ ನಿಲ್ಲಿಸಿದ್ರೆ ಮತ್ತೆ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು, ಪೆಟ್ರೋಲ್ ವಾಸನೆ ಬರುತ್ತೆ. ಹೈವೇಲಿ ಟೆಂಪರೇಚರ್ ಮುಳ್ಳು ಅರ್ಧಕ್ಕೂ ಏರಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು. ಟೈರೂ ಹೊಸದು, 145/70 ಆರ್12 ಸಿಗಲಿಲ್ಲ ಅಂತ 145/80 ಆರ್12 ಹಾಕಿಸಿದೆ. ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಬದಲಾಯಿಸಿ ಅಂತಾರೆ. ಇನ್ನೊಬ್ಬರು ಎಲ್ಲಾ ಇ20 (ಶೇ 20 ಎಥೆನಾಲ್ ಬೆರೆತ) ಪೆಟ್ರೋಲಿಂದಲೇ, ಏನೂ ಮಾಡೋಕಾಗಲ್ಲ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಫೀಲರ್‌ಗೇಜ್

ಕಾರ್ಬುರೇಟರ್‌ಗೆ ಸದ್ಯಕ್ಕೆ ಕೈ ಹಾಕಬೇಡಿ ಸರ್. ಮೊದಲು ಈ 12.5 ಎಷ್ಟರ ಮಟ್ಟಿಗೆ ನಿಜ ನೋಡೋಣ, ಯಾಕಂದ್ರೆ ನಡುವೆ ಟೈರ್ ಬದಲಾಗಿದೆ.

145/70 ಟೈರಿನ ಹೊರವ್ಯಾಸ ಸುಮಾರು 508 ಮಿಮೀ, 145/80ರದ್ದು 537. ಚಕ್ರ ದೊಡ್ಡದಾದ್ರೆ ಅದೇ ದೂರಕ್ಕೆ ಕಡಿಮೆ ಸುತ್ತು ಸಾಕು, ಓಡೋಮೀಟರ್ ಎಣಿಸೋದು ಸುತ್ತನ್ನೇ. ಅಂದ್ರೆ ನಿಜವಾಗಿ ಓಡಿದ ದೂರ ಮೀಟರ್ ತೋರಿಸೋದಕ್ಕಿಂತ ಶೇ 5-6 ಹೆಚ್ಚು. ನಿಮ್ಮ 12.5 ವಾಸ್ತವದಲ್ಲಿ 13.2ರ ಹತ್ತಿರ. ಹೈವೇಯ ಕಿಲೋಮೀಟರ್ ಕಲ್ಲು ನೋಡ್ಕೊಂಡು ಸರಿಯಾಗಿ 10 ಕಿಮೀ ಓಡಿಸಿ, ಮೀಟರ್ 9.5 ತೋರಿಸಿದ್ರೆ ಈ ಲೆಕ್ಕ ಖಚಿತ.

ಇನ್ನು ಎಥೆನಾಲ್. ಒಂದು ಲೀಟರ್ ಎಥೆನಾಲಲ್ಲಿರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ. ಶುದ್ಧ ಪೆಟ್ರೋಲಿಗೆ ಹೋಲಿಸಿದ್ರೆ ಇ20ರಲ್ಲಿ ಶೇ 6-7 ಕಡಿಮೆ ಶಕ್ತಿ, ಇ10ಕ್ಕೆ (ಶೇ 10 ಎಥೆನಾಲ್) ಹೋಲಿಸಿದ್ರೆ ಶೇ 3-4 ಅಷ್ಟೇ. ನಿಮ್ಮ 17 ಇ10ರ ಕಾಲದ್ದು ಅಂತಿಟ್ಕೊಂಡ್ರೆ ಇ20ರಲ್ಲಿ 16.4 ಬರಬೇಕು. 16.4ರಿಂದ 13.2ಕ್ಕೆ ಇಳಿದಿರೋದು ಗಾಡಿಯ ದೋಷ, ಐದರಲ್ಲೊಂದು ಪಾಲು. "ಏನೂ ಮಾಡೋಕಾಗಲ್ಲ" ಅನ್ನೋ ಮಾತನ್ನ ಒಪ್ಪಬೇಡಿ. ಇನ್ನೊಂದು ವಿಷಯ: ಕಾರ್ಬುರೇಟರ್ ಗಾಡಿಯಲ್ಲಿ ಸೆನ್ಸಾರ್ ಇಲ್ಲ, ಪೆಟ್ರೋಲ್ ಹರಿಯೋ ಜೆಟ್ಟಿನ ತೂತು ಇದ್ದಷ್ಟೇ ಇರುತ್ತೆ. ಹಾಗಾಗಿ ಎಥೆನಾಲ್ ಹೆಚ್ಚಾದಾಗ ಮಿಶ್ರಣ ತೆಳು (ಗಾಳಿ ಹೆಚ್ಚು) ಆಗಬೇಕೇ ಹೊರತು ದಟ್ಟ (ಪೆಟ್ರೋಲ್ ಹೆಚ್ಚು) ಆಗಬಾರದು. ನೀವು ಹೇಳಿರೋ ಸ್ಟಾರ್ಟಿಂಗ್, ವಾಸನೆಯ ಲಕ್ಷಣಗಳು ದಟ್ಟ ಮಿಶ್ರಣದ್ದು. ಚೋಕ್ ಇಲ್ಲದೆ ತಣ್ಣನೆ ಎಂಜಿನ್ ಸ್ಟಾರ್ಟ್ ಆಗೋದನ್ನ ಒಳ್ಳೇದು ಅಂದ್ಕೊಳ್ತಾರೆ, ಇಲ್ಲಿ ಅದೇ ದೊಡ್ಡ ಸುಳಿವು.

ಅಳೆಯೋ ಕ್ರಮ: ಒಂದೇ ಬಂಕ್, ಒಂದೇ ನಳಿಕೆ, ತಾನಾಗಿ ಮೊದಲ ಸಲ ಕಟ್ ಆದಾಗ ನಿಲ್ಲಿಸಿ, ರೌಂಡ್ ಫಿಗರ್‌ಗೆ ತುಂಬಿಸಬೇಡಿ. ಕನಿಷ್ಠ 200 ಕಿಮೀ ಓಡಿಸಿ. ಹತ್ತು ಲೀಟರಿಗೆ ಒಂದು ಲೀಟರ್ ಆಚೀಚೆ ಆದ್ರೂ ಲೆಕ್ಕ ಶೇ 10 ಕೆಡುತ್ತೆ.

ಆಮೇಲೆ ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಬಿಸಿಯಾಗೋವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್. ಮುಳ್ಳು ಏರದಿದ್ರೆ ಅದು ತೆರೆದೇ ಉಳಿದಿರಬೇಕು, ಇಲ್ಲವೇ ಯಾರೋ ಕಿತ್ತು ಹಾಕಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ, ಫ್ಯಾನಿಂದ ಕೈ ದೂರ ಇರಲಿ. ಥರ್ಮೋಸ್ಟಾಟ್ ಸರಿಯಿದ್ರೆ ಹೋಸ್ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿ ಆಗುತ್ತೆ. ಶುರುವಿಂದಲೇ ನಿಧಾನಕ್ಕೆ ಬೆಚ್ಚಗಾಗ್ತಾ ಬಂದ್ರೆ ಕೆಟ್ಟಿದೆ. ಬಯಲುಸೀಮೆ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಅಂತ ತೆಗೆಯೋ ರೂಢಿ ನಮ್ಮ ಕಡೆ ಬೇರೂರಿದೆ, ಅದು ತಪ್ಪು. ಈ ಎಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ಗೂ (ಮಿಶ್ರಣ ಸಿಲಿಂಡರಿಗೆ ಹೋಗೋ ಕೊಳವೆ) ಬಿಸಿನೀರು ಹರಿಯುತ್ತೆ. ಮ್ಯಾನಿಫೋಲ್ಡ್ ತಣ್ಣಗಿದ್ರೆ ಪೆಟ್ರೋಲ್ ಆವಿಯಾಗದೆ ಗೋಡೆಗೆ ಹನಿಯಾಗಿ ಅಂಟ್ಕೊಳ್ಳುತ್ತೆ, ಉರಿಯದೆ ಹೊರಗೆ ಹೋಗುತ್ತೆ.

ಹರಿಹರದ_ಸ್ಪ್ಯಾನರ್

ಮ್ಯಾಲಿನವ್ರು ಬರೆದದ್ದು ಸರಿ ಐತಿ. ಅದರ ಜೋಡಿ ಬ್ರೇಕ್ ನೋಡ್ರಿ. ಮೈಲೇಜ್ ಅಂದ ಕೂಡ್ಲೇ ಎಲ್ರೂ ಬಾನೆಟ್ ಎತ್ತತಾರ, ಚಕ್ರ ಯಾರೂ ಮುಟ್ಟಂಗಿಲ್ಲ.

ಹತ್ತು ಕಿಮೀ ಓಡಿಸಿ, ಕೊನೀಗೆ ಬ್ರೇಕ್ ಆದಷ್ಟು ಕಮ್ಮಿ ಹಿಡಿದು ನಿಲ್ಲಿಸ್ರಿ. ನಾಕೂ ರಿಮ್ ಹತ್ರ ಕೈ ಒಯ್ರಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ರ ಅಲ್ಲೇ ಹಿಡ್ಕೊಂಡೈತಿ. ಆಮ್ಯಾಲೆ ಸಮ ನೆಲದಾಗ ಉಳಿದ ಚಕ್ರಕ್ಕ ಕಲ್ಲು ಕೊಟ್ಟು, ಜಾಕ್ ಹಚ್ಚಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರ ಕೈಲೆ ತಿರುಗಿಸಿ ನೋಡ್ರಿ. ಹಿಂದಿನದು ಬಿಗಿ ಇದ್ರ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗ ತುಕ್ಕು, ಇಲ್ಲಾಂದ್ರ ವೀಲ್ ಸಿಲಿಂಡರ್ ಜಾಮ್. ಮುಂದಿನ ಡಿಸ್ಕ್ ಹಿಡ್ಕೊಂಡಿದ್ರ ಒಂದು ಉಪಾಯ ಐತಿ: ಬ್ಲೀಡಿಂಗ್ ನಿಪ್ಪಲ್ ಸ್ವಲ್ಪ ಸಡ್ಲ ಮಾಡ್ರಿ. ಚಕ್ರ ತಕ್ಷಣ ಸಡ್ಲಾದ್ರ ರಬ್ಬರ್ ಹೋಸ್ ಒಳಗ ಮುಚ್ಕೊಂಡೈತಿ, ಆಯಿಲ್ ಹೋಗತೈತಿ, ತಿರುಗಿ ಬರಂಗಿಲ್ಲ. ಆದ್ರೂ ಬಿಗಿ ಇದ್ರ ಕ್ಯಾಲಿಪರ್ ಪಿಸ್ಟನ್ ಅಥವಾ ಪಿನ್ ಹಿಡ್ದಾವ. ನಿಪ್ಪಲ್ ಬಿಚ್ಚಿದ ಮ್ಯಾಲೆ ಬ್ಲೀಡ್ ಮಾಡ್ದೆ (ಬ್ರೇಕ್ ಲೈನಿನ ಗಾಳಿ ತೆಗೀದೆ) ಗಾಡಿ ತೆಗೀಬ್ಯಾಡ್ರಿ.

ಮತ್ತ ಒಂದೇ ದಿಕ್ಕಿನ ಓಟಕ್ಕ ಲೆಕ್ಕ ಹಾಕಬ್ಯಾಡ್ರಿ. ದುರ್ಗ ನಮ್ಮೂರಿಗಿಂತ ಎತ್ತರದಾಗೈತಿ, ಮಳಿಗಾಲದಾಗ ಪಡುವಣ ಗಾಳಿ ಬ್ಯಾರೆ. ಜೋಗಿಮಟ್ಟಿ ಗುಡ್ಡದ ಮ್ಯಾಲೆ ಗಾಳಿಯಂತ್ರ ಸುಮ್ಮನ ನಿಲ್ಲಿಸಿಲ್ಲ. ಹೋಗಿ ಬಂದದ್ದು ಎರಡೂ ಸೇರಿಸ್ರಿ.

ಹಳೇ800, ದಾವಣಗೆರೆ

ಇಬ್ಬರಿಗೂ ಧನ್ಯವಾದ. ನೋಡಿದ್ದು ಇಷ್ಟು: 10 ಕಿಮೀಗೆ ಮೀಟರ್ 9.5. ಥರ್ಮೋಸ್ಟಾಟ್ ಇರೋ ಜಾಗ ಖಾಲಿ, ಒಳಗೆ ಏನೂ ಇಲ್ಲ. ಹಿಂದಿನ ಬಲಗಡೆ ಡ್ರಮ್ ಬಿಸಿ, ಕೇಬಲ್ ಬಿಗಿ. ಮೂರೂ ಪ್ಲಗ್ ಒಣ ಮಸಿ, ಎಣ್ಣೆ ಜಿಡ್ಡಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ, ಚದರ ಸೆಂಮೀಗೆ ಕೆಜಿ) 11.5, 11, 11.5. ಹೊಗೆ ತಪಾಸಣೆ ಚೀಟಿಯಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ 2.8, ಎಚ್‌ಸಿ (ಉರಿಯದ ಪೆಟ್ರೋಲ್) 900 ಪಿಪಿಎಂ, ಪಾಸ್ ಅಂತ ಇದೆ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಬಾಯಲ್ಲಿ ಎಳೆದ್ರೆ ಗಾಳಿ ಸಲೀಸಾಗಿ ಬರುತ್ತೆ, ಹಿಡಿದು ನಿಲ್ಲಲ್ಲ.

ದುರ್ಗದ_ಟ್ಯೂನಿಂಗ್

ಬೇಕಾದ ಮಾಹಿತಿಯನ್ನೆಲ್ಲ ಕೊಟ್ಟಿದ್ದೀರಿ. ಕಂಪ್ರೆಷನ್‌ನಲ್ಲಿ ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಅರ್ಧ ಕೆಜಿ, ಮಿತಿಯಾದ ಒಂದು ಕೆಜಿಯೊಳಗಿದೆ. ಎಂಜಿನ್ ಬಿಚ್ಚೋ ಮಾತು ಯಾರೇ ಆಡಿದ್ರೂ ಬೇಡ ಅನ್ನಿ. ಒಂದೇ ಪ್ಲಗ್ ಕಪ್ಪಾಗಿದ್ರೆ ಆ ಸಿಲಿಂಡರಿನ ಕಿಡಿ ಅಥವಾ ವಾಲ್ವ್ ನೋಡಬೇಕಿತ್ತು. ಮೂರೂ ಕಪ್ಪು ಅಂದ್ರೆ ಕಾರಣ ಮೂರಕ್ಕೂ ಸೇರಿದ್ದು.

ಸಿಒ 2.8 "ಪಾಸ್" ಆದದ್ದು ಹಳೇ ಗಾಡಿಗಳಿಗೆ ಮಿತಿ ಶೇ 3 ಇರೋದ್ರಿಂದ. ಸರಿಯಾಗಿ ಟ್ಯೂನ್ ಆದ ಎಂಜಿನ್ ಐಡಲಿಂಗ್‌ನಲ್ಲಿ 1ರಿಂದ 1.5ರೊಳಗೆ ನಿಲ್ಲಬೇಕು. ಆ ಚೀಟಿಯನ್ನ ಎಸೀಬೇಡಿ, ಕೆಲಸ ಮುಗಿದ ಮೇಲೆ ಹೋಲಿಸೋಕೆ ಬೇಕು.

ಮೊದಲು ಥರ್ಮೋಸ್ಟಾಟ್ ಹಾಕಿಸಿ, ಹೊಸ ಗ್ಯಾಸ್ಕೆಟ್, ಕೂಲಂಟ್ ಸಮೇತ. ಹಾಕೋ ಮುಂಚೆ ಪಾತ್ರೆ ನೀರಲ್ಲಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಒತ್ತಿರೋ ಡಿಗ್ರಿಗೆ ಬಾಯಿ ಬಿಡೋಕೆ ಶುರು ಮಾಡುತ್ತಾ ನೋಡಿ. ತಣ್ಣಗೆ ಓಡೋ ಎಂಜಿನ್ ತಾನೇ ಪ್ಲಗ್ ಕಪ್ಪು ಮಾಡುತ್ತೆ, ಆದ್ದರಿಂದ ಇದು ಸರಿಯಾಗದೆ ಕಾರ್ಬುರೇಟರ್ ಬಗ್ಗೆ ಏನು ಹೇಳಿದ್ರೂ ಊಹೆ.

ಆಮೇಲೆ ಕಿಡಿ. ಪೈಪ್ ಎಳೆದಾಗ ಗಾಳಿ ಹಿಡಿದು ನಿಲ್ಲಲ್ಲ ಅಂದ್ರೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಯಾಫ್ರಾಮ್ (ರಬ್ಬರ್ ಪರದೆ) ಹರಿದಿದೆ. ಹೈವೇಲಿ 60ರಲ್ಲಿ ಹೋಗುವಾಗ ಥ್ರಾಟಲ್ ಸ್ವಲ್ಪವೇ ತೆರೆದಿರುತ್ತೆ, ಸಿಲಿಂಡರ್ ಪೂರ್ತಿ ತುಂಬಲ್ಲ, ಹಾಗಾಗಿ ಮಿಶ್ರಣ ನಿಧಾನ ಉರಿಯುತ್ತೆ. ಅದಕ್ಕೇ ಕಿಡಿ ಮುಂಚೆ ಬೀಳಬೇಕು, ಆ ಕೆಲಸ ಈ ಡಯಾಫ್ರಾಮಿನದ್ದು. ನಿಮ್ಮ ಓಡಾಟವೇ ಹೈವೇ ಆದ್ದರಿಂದ ನಷ್ಟ ನಿಮಗೇ ಹೆಚ್ಚು. ಹರಿದ ಡಯಾಫ್ರಾಮ್ ಮೂಲಕ ಮ್ಯಾನಿಫೋಲ್ಡಿಗೆ ಗಾಳಿಯೂ ಸೇರುತ್ತೆ. ಅದಕ್ಕೆ ಯಾರೋ ಐಡಲ್ ಮಿಶ್ರಣದ ಸ್ಕ್ರೂ ಬಿಚ್ಚಿ ದಟ್ಟ ಮಾಡಿರೋ ಸಾಧ್ಯತೆ ಇದೆ. ಹೊಸ ಡಯಾಫ್ರಾಮ್ ಹಾಕಿ, ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚೋ ಸಂಪರ್ಕ) ಗ್ಯಾಪ್ 0.4ರಿಂದ 0.5 ಮಿಮೀ ಇಡಿ, ಅದಾದ ಮೇಲೆ ಟೈಮಿಂಗ್ ಲೈಟ್ ಹಿಡಿದು ಕಿಡಿ ಬೀಳೋ ಸಮಯವನ್ನ ಬಾನೆಟ್ ಸ್ಟಿಕರ್ ಹೇಳಿದ ಡಿಗ್ರಿಗೆ ತನ್ನಿ. ಈ ಕ್ರಮ ತಿರುಗಿಸಬೇಡಿ: ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ. ಪಾಯಿಂಟಿನ ಹೀಲ್ (ಕ್ಯಾಮಿಗೆ ಉಜ್ಜೋ ತುದಿ) ಸವೆದಷ್ಟೂ ಗ್ಯಾಪ್ ಕಿರಿದಾಗಿ ಕಿಡಿ ತಡ ಆಗುತ್ತೆ. ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ, ಹೆಚ್ಚಾದ್ರೆ ಪಾಯಿಂಟಿಗೆ ಸಿಡಿಯುತ್ತೆ.

ಈಗ ಕಾರ್ಬುರೇಟರ್. ಎಂಜಿನ್ ತಣ್ಣಗಿರಲಿ, ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಬೆಂಕಿ ಬೇಡ. ಏರ್ ಕ್ಲೀನರ್ ತೆಗೆದು ಚೋಕ್ ಗುಂಡಿ ಪೂರ್ತಿ ಒಳಗೆ ತಳ್ಳಿದಾಗ ಚೋಕ್ ತಗಡು ನೆಟ್ಟಗೆ ನಿಂತಿದೆಯಾ ನೋಡಿ. ಸ್ವಲ್ಪ ವಾರೆಯಾಗಿದ್ರೂ ದಿನವಿಡೀ ಚೋಕಲ್ಲಿ ಓಡಿಸಿದ ಹಾಗೆ. ಕೇಬಲ್ಲಿಗೆ ಒಂದೆರಡು ಮಿಮೀ ಸಡಿಲ ಕೊಡಿ.

ಬಿಸಿಯಲ್ಲಿ ಸ್ಟಾರ್ಟ್ ಆಗದೆ ವಾಸನೆ ಬರೋದು ಫ್ಲೋಟ್ ಬೌಲ್ (ಕಾರ್ಬುರೇಟರಿನ ಪೆಟ್ರೋಲ್ ತೊಟ್ಟಿ) ತುಂಬಿ ಹರಿಯೋ ಲಕ್ಷಣ. ಪಕ್ಕದ ಗಾಜಿನ ಕಿಂಡಿಯಲ್ಲಿ ಪೆಟ್ರೋಲ್ ಮಟ್ಟ ನಡುವಿನ ಗುರುತಿಗೆ ಇರಬೇಕು. ಮೇಲಿದ್ರೆ ನೀಡಲ್ ವಾಲ್ವ್ (ತೊಟ್ಟಿ ತುಂಬಿದಾಗ ಪೆಟ್ರೋಲ್ ತಡೆಯೋದು) ತೆಗೆದು ತುದಿ ನೋಡಿ: ಸುತ್ತ ಉಂಗುರದ ಹಾಗೆ ಗೆರೆ ಬಿದ್ದಿದ್ರೆ ಸೀಟ್ ಸಮೇತ ಬದಲಾಯಿಸಿ, ನೀಡಲ್ ಒಂದನ್ನೇ ಹಾಕಿದ್ರೆ ಮತ್ತೆ ಸೋರುತ್ತೆ. ಫ್ಲೋಟ್ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದ್ರೆ ತೂತಾಗಿದೆ. ಎಥೆನಾಲ್ ಹಳೇ ಟ್ಯಾಂಕಿನ ಗೋಂದು, ತುಕ್ಕನ್ನ ಎಬ್ಬಿಸಿ ತಂದು ಇದೇ ನೀಡಲ್ ಸೀಟಲ್ಲಿ ಕೂರಿಸುತ್ತೆ. ಫ್ಯೂಯಲ್ ಫಿಲ್ಟರ್ ಈಗಲೂ ಬದಲಾಯಿಸಿ, 1000 ಕಿಮೀ ಆದ ಮೇಲೆ ಮತ್ತೊಮ್ಮೆ. ಬಿರುಕು ಬಿಟ್ಟ ರಬ್ಬರ್ ಪೈಪಿಗೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರೋದೇ ಕೇಳಿ ತಗೊಳ್ಳಿ.

ಜೆಟ್ಟಿಗೆ ತಂತಿ ಹಾಕಿ ಕೆರೆಯೋಕೆ ಬಿಡಬೇಡಿ. 0.95 ಮಿಮೀ ತೂತು 1.00 ಆದ್ರೆ ವಿಸ್ತೀರ್ಣ ಶೇ 11ರಷ್ಟು ಹೆಚ್ಚುತ್ತೆ, ಪೆಟ್ರೋಲೂ ಹತ್ತಿರಹತ್ತಿರ ಅಷ್ಟೇ ಹೆಚ್ಚು ಹರಿಯುತ್ತೆ. ಕಾರ್ಬ್ ಕ್ಲೀನರ್, ಗಾಳಿ, ಇಷ್ಟೇ ಸಾಕು. ಹಳೇ ಜೆಟ್ ಮೇಲಿನ ಸಂಖ್ಯೆ ಬರೆದಿಟ್ಕೊಳ್ಳಿ.

ಕೊನೆಗೆ ಐಡಲ್ ಮಿಶ್ರಣದ ಸ್ಕ್ರೂ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಲೈಟ್ ಫ್ಯಾನ್ ಆಫ್ ಮಾಡಿ. ಹೊರಕ್ಕೆ ತಿರುಗಿಸ್ತಾ ಆರ್‌ಪಿಎಂ ಅತಿ ಹೆಚ್ಚಾಗೋ ಜಾಗ ಹುಡುಕಿ, ಅಲ್ಲಿಂದ ಒಳಕ್ಕೆ 50 ಆರ್‌ಪಿಎಂ ಇಳಿಯೋವರೆಗೆ ತನ್ನಿ. ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಒಳ್ಳೇದು, ಆದ್ರೆ ಪುಸ್ತಕದ 17ರಿಂದ 21 ಇಂಚು (ಪಾದರಸ) ಸಮುದ್ರಮಟ್ಟದ್ದು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 15ರಿಂದ 19 ಬಂದ್ರೆ ಆರೋಗ್ಯವಂತ ಎಂಜಿನ್.

ಫೀಲರ್‌ಗೇಜ್

ಒಂದು ಸೇರಿಸ್ತೀನಿ. ಇಷ್ಟು ದಟ್ಟ ಓಡಿದ ಗಾಡಿಯ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ರೆ ಫ್ಯೂಯಲ್ ಪಂಪಿನ ಡಯಾಫ್ರಾಮೂ ಹರಿದಿರಬಹುದು. ಆಯಿಲ್ ಬದಲಾಯಿಸದೆ ಗಾಡಿ ಹೈವೇಗೆ ಒಯ್ಯಬೇಡಿ, ತೆಳುವಾದ ಆಯಿಲಲ್ಲಿ ಬೇರಿಂಗ್ ಹೋಗುತ್ತೆ. 145/80 ಟೈರ್ ಇರೋವರೆಗೆ ಮೀಟರಿನ ಕಿಮೀಯನ್ನ 1.05ರಿಂದ ಗುಣಿಸಿ ಲೆಕ್ಕ ಹಾಕಿ. ಒಂದೊಂದು ರಿಪೇರಿ ಆದ ಮೇಲೂ ಒಂದು ಟ್ಯಾಂಕ್ ಅಳೆದು ಇಲ್ಲೇ ಬರೀರಿ. ಎಲ್ಲಾ ಒಟ್ಟಿಗೆ ಮಾಡಿಸಿದ್ರೆ ಯಾವುದರಿಂದ ಎಷ್ಟು ಬಂತು ಅಂತ ಗೊತ್ತಾಗಲ್ಲ.