ಸಹಾಯ ಬೇಕು: ಮನೆಗೆ ಡೆಸ್ಕ್‌ಟಾಪ್, ರೀಫರ್ಬಿಶ್ಡ್ ಐ5-8500 ತಗೊಳ್ಳೋದಾ, ಹೊಸ 5600ಜಿ ಅಸೆಂಬಲ್ ಮಾಡಿಸೋದಾ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಆನ್‌ಲೈನ್ ಕ್ಲಾಸು, ನುಡಿಯಲ್ಲಿ ಕನ್ನಡ ಟೈಪಿಂಗ್, ಎಕ್ಸೆಲ್, ಯೂಟ್ಯೂಬ್, ಅಪರೂಪಕ್ಕೆ ಫೋಟೊ ಎಡಿಟಿಂಗ್. ಗೇಮ್ ಇಲ್ಲ. ಮಾನಿಟರ್, ಕೀಬೋರ್ಡ್ ಇವೆ, ಸಿಪಿಯು ಡಬ್ಬಕ್ಕೆ ಮಾತ್ರ 25,000 ರೂ. ಬಜೆಟ್. ಬೆಂಗಳೂರು ಎಸ್.ಪಿ. ರೋಡಲ್ಲೇ ತಗೊಳ್ಳೋದು.

ಮೊದಲನೆಯದು, ಇಂಟೆಲ್ ಐ5-8500 ಪ್ರೊಸೆಸರ್ ಇರೋ, ಆಫೀಸುಗಳಿಂದ ಬಂದ ಡೆಲ್ ಆಪ್ಟಿಪ್ಲೆಕ್ಸ್ 3060 ಸಣ್ಣ ಕ್ಯಾಬಿನೆಟ್. ಪ್ರೊಸೆಸರ್ 8ನೇ ತಲೆಮಾರಿನದಾದ್ದರಿಂದ ವಿಂಡೋಸ್ 11 ಅಧಿಕೃತವಾಗಿಯೇ ಕೂರುತ್ತೆ. ಅದಕ್ಕಿಂತ ಹಳೆಯ ಐ5-6500, 7500 ಅಗ್ಗಕ್ಕೆ ಸಿಕ್ಕರೂ ಬೇಡ: ಅಂಗಡಿಯವರು ಅಡ್ಡದಾರಿಯಲ್ಲಿ 11 ಹಾಕಿಕೊಡ್ತಾರೆ, ಆಮೇಲೆ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ. ವಿಂಡೋಸ್ 10ರ ಉಚಿತ ಬೆಂಬಲವಂತೂ 2025ರ ಅಕ್ಟೋಬರ್ 14ಕ್ಕೇ ಮುಗೀತು. ನನ್ನ ಅಳುಕು ಪವರ್ ಸಪ್ಲೈ ಬಗ್ಗೆ. ಅದು ಡೆಲ್‌ನದೇ ಅಳತೆ, ಡೆಲ್‌ನದೇ ಕನೆಕ್ಟರ್. ಸುಟ್ಟರೆ ಮಾಮೂಲಿ ಎಸ್‌ಎಂಪಿಎಸ್ (ಅಂಗಡಿಯಲ್ಲಿ ಸಿಗೋ ಪವರ್ ಸಪ್ಲೈ) ಹಿಡಿಯಲ್ಲ.

ಎರಡನೆಯದು ಎಎಂಡಿ ರೈಜನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ರ‍್ಯಾಮ್ 16ರದ್ದು ಒಂದೇ ಕಡ್ಡಿ ಅಲ್ಲ, 8ರ ಎರಡು, ಯಾಕಂದ್ರೆ ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮ್ ಬಳಸುತ್ತೆ. ಒಂದೇ ಕಡ್ಡಿಯಾದರೆ ಅದರಿಂದ ಡೇಟಾ ಬರೋ ವೇಗ ಅರ್ಧಕ್ಕೆ ಬೀಳುತ್ತೆ. ರ‍್ಯಾಮ್ ರೇಟ್ ನೋಡಿದ್ರೆ ಬಜೆಟ್ ದಾಟೋ ಹಾಗಿದೆ.

ಗೊತ್ತಿರೋರು ಹೇಳಿ:
3060ಗೆ ಪವರ್ ಸಪ್ಲೈ ಬಿಡಿಯಾಗಿ ಈಗ ಸಿಗ್ತಿದೆಯಾ, ಎಷ್ಟಕ್ಕೆ?
ಬಯೋಸ್ (ಕಂಪ್ಯೂಟರ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಲಾಕ್ ಮತ್ತು ಎಸ್‌ಎಸ್‌ಡಿ ಹೆಲ್ತ್ ಬಿಟ್ಟು ಅಂಗಡಿಯಲ್ಲೇ ಇನ್ನೇನು ಚೆಕ್ ಮಾಡಬೇಕು?
5600ಜಿಗೆ 450 ವ್ಯಾಟ್‌ನ ಯಾವ ಎಸ್‌ಎಂಪಿಎಸ್ ನಂಬಬಹುದು? ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋದು ಬೇಡ.