ಸೇನಾ ಪದವಿ, ಹುದ್ದೆ, ಅಧಿಪತ್ಯ: 1799ರ ಮುತ್ತಿಗೆಯ ಬಗ್ಗೆ ಬರೆಯುವವರಿಗೆ ಕೆಲವರ ಅನುಭವ

ಕೇಳಿದವರು: ನಾನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಕುರಿತು ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಟಿಪ್ಪುವಿನ ವಿರುದ್ಧ ಹೋರಾಡಿದ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಹೆಸರಿನ ಹಿಂದೆ ಒಂದೆಡೆ ಲೆಫ್ಟಿನೆಂಟ್ ಕರ್ನಲ್, ಒಂದೆಡೆ ಕರ್ನಲ್, ಮತ್ತೊಂದೆಡೆ ಜನರಲ್ ಎಂದಿದೆ. ಟಿಪ್ಪುವಿನ ಪಡೆಯಲ್ಲಿ ರಿಸಾಲದಾರ, ಸಿಪಹದಾರ, ಬಕ್ಷಿ, ಕಿಲ್ಲೇದಾರ ಎಂಬ ಹೆಸರುಗಳು ಬರುತ್ತವೆ. ಯಾರು ಯಾರ ಕೈಕೆಳಗಿದ್ದರು ಎಂಬುದು ತಿಳಿಯುತ್ತಿಲ್ಲ. ಇಂತಹ ಗೋಜಲನ್ನು ಬಿಡಿಸಿಕೊಂಡವರು ದಾರಿ ತೋರಿಸಬೇಕು.

ಈಸ್ಟ್ ಇಂಡಿಯಾ ಕಂಪನಿ ಕಾಲದ ದಾಖಲೆಗಳಲ್ಲಿ ಕೆಲಸ ಮಾಡಿದವರೊಬ್ಬರು: ಮೊದಲು ತಾರೀಖು ಬರೆದುಕೊಳ್ಳಿ, ಆಮೇಲೆ ಪದವಿ. ತಾರೀಖಿಲ್ಲದ ಪದವಿಯನ್ನು ನಾನು ಟಿಪ್ಪಣಿಗೆ ಸೇರಿಸುವುದನ್ನೇ ಬಿಟ್ಟಿದ್ದೇನೆ. ನಿಮಗೆ ಸಿಕ್ಕ ಮೂರು ಪದವಿಗಳೂ ವೆಲ್ಲೆಸ್ಲಿಯವೇ. ತಪ್ಪಿರುವುದು ಅವನ್ನು ಒಂದೇ ದಿನಕ್ಕೆ ಕಟ್ಟಿದ್ದರಲ್ಲಿ. ಆತ 1793ರಲ್ಲಿ 33ನೇ ಕಾಲಾಳು ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದ. 1796ರಲ್ಲಿ ಅವನಿಗೆ ಬ್ರೆವೆಟ್ ಕರ್ನಲ್ ಪದವಿ ಬಂತು. ಮೇಜರ್ ಜನರಲ್ ಆದದ್ದು 1802ರಲ್ಲಿ. ಬ್ರೆವೆಟ್ ಎಂದರೆ ಒಟ್ಟು ಸೈನ್ಯದಲ್ಲಿ ಮೇಲಿನ ಪದವಿ ಸಿಗುತ್ತದೆ, ಆದರೆ ರೆಜಿಮೆಂಟಿನೊಳಗೆ ಹಳೆಯ ಸ್ಥಾನವೇ ಉಳಿಯುತ್ತದೆ. ಆದ್ದರಿಂದ 1799ರಲ್ಲಿ ಅದೇ ಮನುಷ್ಯ ರೆಜಿಮೆಂಟಿನ ಪಟ್ಟಿಯಲ್ಲಿ ಲೆಫ್ಟಿನೆಂಟ್ ಕರ್ನಲ್, ದಂಡಿನ ಆಜ್ಞೆಗಳಲ್ಲಿ ಕರ್ನಲ್, ಎರಡೂ ಸರಿ. ಆ ವರ್ಷಕ್ಕೆ ‘ಜನರಲ್’ ಎಂದು ಬರೆದವರು ಮಾತ್ರ ಆತ ಜನರಲ್ ಆಗಿ ಮರಾಠರ ವಿರುದ್ಧ ಗೆದ್ದ 1803ರ ಅಸ್ಸಾಯೆ ಯುದ್ಧದ ನೆನಪನ್ನು ಹಿಂದಕ್ಕೆ ಎಳೆದು ತಂದಿದ್ದಾರೆ. ಇನ್ನೊಂದು ತೊಡಕೆಂದರೆ, ಸಮಾನ ಪದವಿಯಲ್ಲಿದ್ದರೂ ಬ್ರಿಟಿಷ್ ರಾಜನ ಸೈನ್ಯದವರು ಕಂಪನಿ ಸೈನ್ಯದವರಿಗಿಂತ ಮೇಲೆಂಬ ಜಗಳ ಬಹುಕಾಲ ನಡೆದಿತ್ತು. ಅಧಿಕಾರಿ ಯಾವ ಸೈನ್ಯದವನೆಂದು ಪಕ್ಕದಲ್ಲೇ ಬರೆದುಕೊಂಡರೆ ಮುಂದೆ ತೊಂದರೆಯಿಲ್ಲ.

ಪದವಿ ತಿಳಿದ ಮಾತ್ರಕ್ಕೆ ಅಧಿಪತ್ಯ ತಿಳಿದಂತಾಗುವುದಿಲ್ಲ. ಬ್ರಿಟಿಷರ ಜೊತೆಗೂಡಿದ್ದ ಹೈದರಾಬಾದ್ ನಿಜಾಮನ ಪಡೆಯ ಮುಖ್ಯಸ್ಥನೆಂದು ಹೆಸರಿಗೆ ಇದ್ದವನು ಮೀರ್ ಆಲಂ. ಆ ಪಡೆಯನ್ನು ವಾಸ್ತವವಾಗಿ ನಡೆಸುತ್ತಿದ್ದವನು ಇಡೀ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸನ ಕೆಳಗಿದ್ದ ವೆಲ್ಲೆಸ್ಲಿ. ಮೇ 4ರಂದು ಕೋಟೆಯ ಒಡಕಿಗೆ ನುಗ್ಗಿದ ದಳಗಳ ನಾಯಕತ್ವ ಮೇಜರ್ ಜನರಲ್ ಬೇರ್ಡನದು. 1780ರಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷರು ಮೈಸೂರಿನ ಪಡೆಗೆ ಸೋತ ನಂತರ ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು ಈತ. ಆ ಹೊತ್ತಿಗೆ ವೆಲ್ಲೆಸ್ಲಿ ಮೀಸಲು ಪಡೆಯೊಂದಿಗೆ ಮುತ್ತಿಗೆಗಾಗಿ ತೋಡಿದ ಕಂದಕದಲ್ಲಿದ್ದ. ಆದರೂ ಮರುದಿನ ಪಟ್ಟಣದ ಅಧಿಕಾರ ಸಿಕ್ಕಿದ್ದು ಪದವಿಯಲ್ಲಿ ಕಿರಿಯನಾದ ವೆಲ್ಲೆಸ್ಲಿಗೆ, ಬೇರ್ಡನ ಅಸಮಾಧಾನಕ್ಕೆ ಅದೇ ಕಾರಣ. ಗವರ್ನರ್ ಜನರಲ್ ಆಗಿದ್ದವನು ವೆಲ್ಲೆಸ್ಲಿಯ ಅಣ್ಣ ಎಂಬುದನ್ನು ಯಾವ ಪದವಿಪಟ್ಟಿಯೂ ಹೇಳುವುದಿಲ್ಲ.

ಟಿಪ್ಪುವಿನ ಆಡಳಿತದ ಬಗ್ಗೆ ಬರೆದವರೊಬ್ಬರು: ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಹಿಂದೊಮ್ಮೆ ‘ರಿಸಾಲದಾರ’ ಎಂದು ಕಂಡಲ್ಲೆಲ್ಲ ಅಶ್ವದಳದ ಅಧಿಕಾರಿ ಎಂದು ಬರೆದು, ಕಾಲಾಳುಗಳ ಒಂದು ಇಡೀ ತುಕಡಿಯನ್ನು ಕುದುರೆಯ ಮೇಲೆ ಕೂರಿಸಿಬಿಟ್ಟಿದ್ದೆ. ಬ್ರಿಟಿಷ್ ಭಾರತದ ಸೈನ್ಯದಲ್ಲಿ ಆ ಹೆಸರು ಕುದುರೆ ಪಡೆಯದು, ನಿಜ. ಟಿಪ್ಪುವಿನ ಕಾಲಾಳು ಪಡೆಯಲ್ಲಾದರೋ ಜೌಕ್ ಎಂಬ ಸಣ್ಣ ತುಕಡಿಗೆ ಜೌಕ್‌ದಾರ, ಹಲವು ಜೌಕ್ ಸೇರಿದ ರಿಸಾಲಕ್ಕೆ ರಿಸಾಲದಾರ, ಹಲವು ರಿಸಾಲ ಸೇರಿದ ಕಷೂನಿಗೆ ಸಿಪಹದಾರ, ಅದರ ಮೇಲಿನ ಕಚೇರಿಗೆ ಬಕ್ಷಿ ಎಂಬ ಕ್ರಮವಿತ್ತು. ಕಚೇರಿ ಎಂದೊಡನೆ ತಾಲೂಕು ಕಚೇರಿ ನೆನಪಾಗುವ ನಮಗೆ ಅದು ಸೇನಾ ವಿಭಾಗವೂ ಆಗಿತ್ತೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊಗಲರಲ್ಲಿ ಬಕ್ಷಿ ಎಂದರೆ ಸೈನಿಕರ ಹಾಜರಿ, ಸಂಬಳ ನೋಡುವವನು. ಆ ಅರ್ಥವನ್ನು ಇಲ್ಲಿಗೆ ಹಾಗೇ ತರಬೇಡಿ. ಇನ್ನು ಕಿಲ್ಲೇದಾರ ಎಂಬುದು ಈ ಏಣಿಯ ಮೆಟ್ಟಿಲೇ ಅಲ್ಲ. ಅದು ಕೋಟೆಗೆ ಅಂಟಿದ ಹುದ್ದೆ.

‘ನಾಯಕ’ ಎಂಬ ನಮ್ಮದೇ ಪದವೂ ಇದಕ್ಕೆ ಹೊರತಲ್ಲ. ವಿಜಯನಗರದ ಅಮರನಾಯಕ ಭೂಮಿ ಪಡೆದು ಪಡೆ ಸಾಕುವವನು, ಚಿತ್ರದುರ್ಗದ ನಾಯಕ ಪಾಳೆಯಗಾರ, ಶಿವಾಜಿಯ ಕಾಲಾಳುಗಳಲ್ಲಿ ನಾಯಕ ಬೆರಳೆಣಿಕೆಯ ಜನರ ಮೇಲ್ವಿಚಾರಕ, ಇಂದಿನ ಸೈನ್ಯದಲ್ಲಿ ಹವಾಲ್ದಾರನ ಕೆಳಗಿನವನು. ಹೈದರ್ ನಾಯಕ ಎಂಬಲ್ಲಿ ಇವುಗಳಲ್ಲಿ ಯಾವುದನ್ನು ಓದುತ್ತಿದ್ದೇವೆಂದು ಪ್ರತಿ ಸಲವೂ ನಿಂತು ನೋಡಬೇಕು.

ಶಾಸನ ಓದುವವರೊಬ್ಬರು: ನಿಮ್ಮ ಕಾಲಕ್ಕೆ ನೇರ ಸಂಬಂಧವಿಲ್ಲದಿದ್ದರೂ ಒಂದು ಮಾತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಸರಿನ ಹಿಂದೆ ಶ್ರವಣಬೆಳಗೊಳದ ಶಾಸನಗಳಲ್ಲಿ ಸಾಲುಸಾಲು ಬಿರುದುಗಳಿವೆ. ಅವುಗಳಲ್ಲಿ ‘ಮಹಾಸಾಮಂತಾಧಿಪತಿ’ ಅಂತಸ್ತು, ‘ಮಹಾಪ್ರಚಂಡದಂಡನಾಯಕ’ದ ಒಳಗಿನ ‘ದಂಡನಾಯಕ’ ಹುದ್ದೆ, ‘ಪ್ರಚಂಡ’ ಹೊಗಳಿಕೆ ಎಂದು ನಾನು ಮೂರು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ದಂಡನಾಯಕ ಎಂದಿರುವವರೆಲ್ಲ ಯುದ್ಧಕ್ಕೆ ಹೋದವರೆಂದು ಮಾತ್ರ ಭಾವಿಸಬಾರದು.

ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಮಾಹಿತಿ ಕೂಡಿಸುತ್ತಿರುವವರು: ಮೂರು ಬಣ್ಣ ನಮಗೂ ಬೇಕು. 1918ರ ಹೈಫಾ ಕಾಳಗದ ಕಾಲದ ಪಟ್ಟಿಗಳಲ್ಲಿ ಬರುವ ‘ಸರ್ದಾರ್ ಬಹದ್ದೂರ್’ ಪದವಿಯಲ್ಲ. ಭಾರತೀಯ ಅಧಿಕಾರಿಗಳಿಗೆ ಕೊಡುತ್ತಿದ್ದ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ಎಂಬ ಗೌರವದ ಮೊದಲ ದರ್ಜೆಯೊಂದಿಗೆ ಬರುತ್ತಿದ್ದ ಬಿರುದು. ಸಂಸ್ಥಾನದ ಪಡೆಗಳ ಜೊತೆಗಿದ್ದ ಬ್ರಿಟಿಷ್ ಸ್ಪೆಷಲ್ ಸರ್ವಿಸ್ ಆಫೀಸರುಗಳು ಕಾಗದದ ಮೇಲೆ ಸಲಹೆಗಾರರು. ಕಾಳಗದ ದಿನ ಆಜ್ಞೆ ಕೊಟ್ಟವರು ಯಾರೆಂಬುದನ್ನು ಆ ದಿನದ ಯುದ್ಧ ದಿನಚರಿಯಲ್ಲೇ ಹುಡುಕಬೇಕು.

ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಟಿಪ್ಪಣಿಗಳಲ್ಲಿ ತಾರೀಖು, ಪದವಿ, ಹುದ್ದೆ, ಬಿರುದು, ಆ ದಿನ ಯಾರ ಆಜ್ಞೆಯಲ್ಲಿ ಎಂದು ಐದು ಅಂಕಣ ಹಾಕಿಕೊಂಡೆ. ವೆಲ್ಲೆಸ್ಲಿಯೊಬ್ಬನಿಗೇ ಈಗ ನಾಲ್ಕು ಸಾಲುಗಳಾಗಿವೆ. ರಿಸಾಲದಾರರನ್ನು ಕುದುರೆಯಿಂದ ಇಳಿಸುವ ಕೆಲಸ ನಾಳೆಗೆ ಉಳಿದಿದೆ.